ಐದು ನಿಮಿಷ ನಿಲ್ಲೋಕೂ ಜಾಗ ಬೇಕು ಸ್ವಾಮಿ!



ಹೊರನಾಡಿನಲ್ಲಿ ದುಡಿದ ಹಣವನ್ನು ನಮ್ಮಲ್ಲಿ ಅನೇಕರು ಬೆಂಗಳೂರಿನ ಫ್ಲ್ಯಾಟಿಗೆ ಹಾಕುತ್ತೇವೆ. ಬಿಲ್ಡರನ್ನು ಏನು ಕೇಳುತ್ತೇವೆ? ಈಜುಕೊಳ ಇದೆಯಾ, ಜಿಮ್ ಇದೆಯಾ, ಕಾರಿಗೆ ಒಂದು ಜಾಗವೋ ಎರಡೋ. ಬಂದು ಐದು ನಿಮಿಷ ನಿಂತು ಹೋಗುವ ಗಾಡಿಗೆ ಜಾಗ ಎಲ್ಲಿ ಎಂದು ಕೇಳಿದವರನ್ನು ನಾನಂತೂ ಕಂಡಿಲ್ಲ.

ಕೇಳುವವರಿಲ್ಲ, ಹಾಗಾಗಿ ಎಷ್ಟೋ ನಕ್ಷೆಗಳಲ್ಲಿ ಆ ಜಾಗವೇ ಇಲ್ಲ. ವೈಟ್‌ಫೀಲ್ಡ್, ಸರ್ಜಾಪುರ ರಸ್ತೆಯ ಕಡೆ ಬೆಳಗ್ಗೆ ಎಂಟಕ್ಕೆ ಯಾವುದಾದರೂ ದೊಡ್ಡ ಅಪಾರ್ಟ್‌ಮೆಂಟಿನ ಗೇಟು ನೋಡಿ. ಶಾಲೆಯ ಬಸ್ಸು, ಕ್ಯಾಬು, ಆಟೋ, ಡೆಲಿವರಿ ಬೈಕು ಎಲ್ಲವೂ ನಿಂತಿರುವುದು ಸಾರ್ವಜನಿಕ ರಸ್ತೆಯಲ್ಲಿ. ಒಳಗೆ ಉಳಿಸಿದ ಜಾಗದ ಬೆಲೆಯನ್ನು ಹೊರಗೆ ಬಿಎಂಟಿಸಿ ಬಸ್ಸಿನಲ್ಲಿ ಸಿಕ್ಕಿಹಾಕಿಕೊಂಡವರು ತೆರುತ್ತಿದ್ದಾರೆ. ಊಬರ್ ಬೆಂಗಳೂರಿಗೆ ಬಂದದ್ದು 2013ರಲ್ಲಿ. ಓಡಾಟ ಬದಲಾಗಿ ಇಷ್ಟು ವರ್ಷವಾದರೂ ನಕ್ಷೆ ಬರೆಯುವವರು ಇನ್ನೂ ಸ್ವಂತ ಕಾರುಗಳನ್ನೇ ಎಣಿಸುತ್ತಿದ್ದಾರೆ.

ಹೋಗಲಿ, ಇದಕ್ಕೆ ಎಷ್ಟು ಜಾಗ ಬೇಕು? ನಾವು ಇಂಜಿನಿಯರುಗಳಲ್ಲವೇ, ಲೆಕ್ಕ ಹಾಕೋಣ. 500 ಮನೆಗಳಿವೆ, ಬೆಳಗಿನ ಒಂದು ಗಂಟೆಯಲ್ಲಿ ಹತ್ತರಲ್ಲಿ ಒಂದು ಮನೆ ಕ್ಯಾಬ್ ಕರೆಯುತ್ತದೆ ಎಂದಿಟ್ಟುಕೊಳ್ಳಿ. 50 ಕ್ಯಾಬು, ತಲಾ ಐದು ನಿಮಿಷ. ಒಂದು ಹೊತ್ತಿಗೆ ಸರಾಸರಿ ನಾಲ್ಕೇ ನಾಲ್ಕು ಗಾಡಿ! ಒಟ್ಟಿಗೆ ಬಂದರೂ ಇರಲಿ ಎಂದು ದುಪ್ಪಟ್ಟು ಮಾಡಿ, ಎಂಟು. ಒಂದೊಂದಕ್ಕೆ 6 ಮೀಟರ್ ಉದ್ದ, ಎರಡೂವರೆ ಮೀಟರ್ ಅಗಲ ಕೊಟ್ಟರೆ 120 ಚದರ ಮೀಟರ್. ಅಂದರೆ ಸುಮಾರು 1300 ಚದರ ಅಡಿ, ಮೂರು ಬೆಡ್‌ರೂಮಿನ ಒಂದು ಫ್ಲ್ಯಾಟಿನಷ್ಟು. ಶಾಲಾ ಬಸ್ಸಿಗೆ ಬೇರೆ ಜಾಗ ಬೇಕು, ಒಪ್ಪಿದೆ. ಆದರೂ ಕ್ಲಬ್‌ಹೌಸಿಗೆ ಬಿಟ್ಟದ್ದರ ಮುಂದೆ ಇದೆಷ್ಟು?

ನಾನಿರುವ ಸಿಂಗಪುರದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನಿವಾಸಿಗಳು ಸರ್ಕಾರಿ ವಸತಿ ಮಂಡಳಿಯ ಮನೆಗಳಲ್ಲಿದ್ದಾರೆ. ಆ ಬಡಾವಣೆಗಳಿಗೆ ಕಾಂಪೌಂಡೂ ಇಲ್ಲ, ಕಾವಲು ಗೇಟೂ ಇಲ್ಲ. ಟ್ಯಾಕ್ಸಿ ಒಳಗೆ ಬರುತ್ತದೆ. ಎಷ್ಟೋ ಕಟ್ಟಡಗಳ ಬಳಿ ಹತ್ತಿ ಇಳಿಯಲು ಸೂರಿದೆ, ಅಲ್ಲಿಂದ ಲಿಫ್ಟಿನವರೆಗೆ ನೆನೆಯದೆ ಹೋಗಬಹುದು. ಎಂಜಿನ್ ಚಾಲೂ ಇಟ್ಟು ನಿಂತರೆ ದಂಡ. ಚಾಲಕ ಪಕ್ಕದ ಕಾಫಿ ಅಂಗಡಿಯಲ್ಲಿ ಕೂರುತ್ತಾನೆ, ಅಲ್ಲೇ ಶೌಚಾಲಯವೂ ಇದೆ. ಸಿಂಗಪುರದ್ದೆಲ್ಲ ಚಿನ್ನ ಎಂದು ಹೇಳುತ್ತಿಲ್ಲ, ಕಾರು ಕೊಳ್ಳುವ ಪರವಾನಗಿಯ ಬೆಲೆ ಕೇಳಿದರೆ ಎದೆ ಒಡೆಯುತ್ತದೆ! ಆದರೆ ಇದು ದುಡ್ಡಿನ ಮಾತಲ್ಲ, ನಕ್ಷೆಯ ಮಾತು.

ನಮ್ಮೂರಿನ ಚಾಲಕನಿಗೆ ಏನಿದೆ? ಮಂಡ್ಯದಿಂದಲೋ ಕೋಲಾರದಿಂದಲೋ ಬಂದ ಹುಡುಗ. ಬಿಸಿಲಲ್ಲಿ ನಿಂತು ಕಾಯಬೇಕು. ನೆರಳಿಲ್ಲ, ನೀರಿಲ್ಲ, ಮೂತ್ರಕ್ಕೆ ಜಾಗವಿಲ್ಲ. 'ಒಳಗೆ ಬರಬೇಡ' ಎನ್ನುವ ಬೋರ್ಡು ಮಾತ್ರ ಇದೆ, ಅದೂ ಬರೀ ಇಂಗ್ಲಿಷಿನಲ್ಲಿ. ಓದಬೇಕಾದವನು ಅವನು ತಾನೇ?

ಇನ್ನೊಂದು ಮಾತು. ಆ ಫ್ಲ್ಯಾಟುಗಳಲ್ಲಿ ಇರುವವರು ಎಷ್ಟೋ ಕಡೆ ನಾವಲ್ಲ, ನಮ್ಮ ಅಪ್ಪ ಅಮ್ಮ. ಕ್ಯಾಬು ಗೇಟಿನಲ್ಲೇ ನಿಂತರೆ ಮಂಡಿನೋವಿನ ಅಮ್ಮ ಮಳೆಯಲ್ಲಿ ಅಲ್ಲಿಯವರೆಗೆ ನಡೆಯಬೇಕು. ಅದೇ ಗೇಟಿನ ಮುಂದಿನ ಜಾತ್ರೆಯನ್ನು ದಾಟಿ ಆಂಬ್ಯುಲೆನ್ಸ್ ಒಳಗೆ ಬರಬೇಕು.

ಹಣ ಕಟ್ಟುವ ಮೊದಲು ನಮಗೆ ಬಲವಿದೆ, ಆಮೇಲಿಲ್ಲ. 2016ರ ರೇರಾ ಕಾಯ್ದೆಯ ಪ್ರಕಾರ, ನೋಂದಾಯಿತ ಯೋಜನೆಯ ಮಂಜೂರಾದ ನಕ್ಷೆಯನ್ನು ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ಇಲ್ಲಿಂದಲೇ ನೋಡಬಹುದು. ಕೊಂಡವರಲ್ಲಿ ಮೂರನೇ ಎರಡರಷ್ಟು ಜನ ಒಪ್ಪದೆ ಆ ನಕ್ಷೆಯನ್ನು ದೊಡ್ಡದಾಗಿ ಬದಲಿಸುವಂತಿಲ್ಲ. ಆದ್ದರಿಂದ ಮೊದಲೇ ತೆರೆದು ನೋಡಿ. ಹತ್ತಿಳಿಯುವ ಜಾಗ ಗೇಟಿನ ಒಳಗಿದೆಯೇ, ಅಗ್ನಿಶಾಮಕ ವಾಹನದ ದಾರಿಗೆ ಅಡ್ಡ ಬಾರದಂತಿದೆಯೇ, ಚಾಲಕರಿಗೆ ಒಂದು ಬೆಂಚು, ಒಂದು ಶೌಚಾಲಯ ಇದೆಯೇ? ಇಲ್ಲವಾದರೆ ಬಿಲ್ಡರಿಗೆ ಒಂದು ಪತ್ರ ಬರೆಯಿರಿ. ಈಗಾಗಲೇ ಮನೆ ಇರುವವರು ಅಪಾರ್ಟ್‌ಮೆಂಟ್ ಸಂಘಕ್ಕೆ ಬರೆಯಿರಿ. ಬೆಂಚು, ಕುಡಿಯುವ ನೀರು, ಕನ್ನಡದ ಬೋರ್ಡು ಇವಕ್ಕೆ ಯಾವ ನಕ್ಷೆಯೂ ಬದಲಾಗಬೇಕಿಲ್ಲ.

ನಾನು ನಮ್ಮ ಸಂಘಕ್ಕೆ ಬರೆದ ಪತ್ರ ಕನ್ನಡದಲ್ಲಿದೆ. ಬೇಕಾದವರು ತಿಳಿಸಿ, ಕಳಿಸಿಕೊಡುತ್ತೇನೆ.