ಗೆದ್ದವರ ಸಿನಿಮಾ, ಉಳಿದವರ ಸಿನಿಮಾ

ಸಿನಿಮಾ ನೋಡುವುದು ನಮ್ಮ ಹಳೆಯ ಚಟ. ಕನ್ನಡ ಚಿತ್ರವಾದರೆ ಮಂಗಳೂರಿನ ಬಸ್ಸು ಹಿಡಿಯುವುದು, ಮಲಯಾಳ ಚಿತ್ರವಾದರೆ ಹತ್ತಿರದ ಟಾಕೀಸಿಗೆ ನಡೆಯುವುದು, ಹೀಗೆ ಎರಡನ್ನೂ ಪಂಕ್ತಿಭೇದವಿಲ್ಲದೆ ನೋಡುತ್ತ ಬೆಳೆದವರು ನಾವು. ಈಗ ಟಾಕೀಸಿನ ಕೆಲಸವನ್ನು ಅಂಗೈಯಲ್ಲಿರುವ ಮೊಬೈಲೇ ಮಾಡುತ್ತಿದೆ. ಆದರೂ ಚಟ ಬಿಟ್ಟಿಲ್ಲ. ಇಷ್ಟು ವರ್ಷ ನೋಡಿದ ಮೇಲೆ ನಾಲ್ಕು ಮಾತು ಹೇಳುವ ಹಕ್ಕು ನಮಗೂ ಬಂದಿದೆಯೆಂದು ಭಾವಿಸಿ ಇದನ್ನು ಬರೆಯುತ್ತಿದ್ದೇವೆ. ಒಪ್ಪದಿರುವ ಸ್ವಾತಂತ್ರ್ಯ ವಾಚಕರಿಗೆ ಇದ್ದೇ ಇದೆ.

ಇತ್ತೀಚಿನ ವರ್ಷಗಳಲ್ಲಿ ಎರಡು ಬಗೆಯ ಚಿತ್ರಗಳನ್ನು ಮನೆಮಂದಿಯೆಲ್ಲ ಕೂತು ನೋಡುವ ರೂಢಿ ಬೆಳೆದಿದೆ. ಒಂದು, ಕ್ರೀಡಾಪಟುವಿನ ಸಾಧನೆಯನ್ನು ಹೇಳಿ ಸ್ಫೂರ್ತಿ ಕೊಡುವ ಚಿತ್ರ. ಇನ್ನೊಂದು, ಸಾವಿನ ಬಾಯಿಗೆ ಬಿದ್ದವರು ಬದುಕಿ ಬಂದ ಚಿತ್ರ. ಮೇಲ್ನೋಟಕ್ಕೆ ಇವೆರಡೂ ಅಣ್ಣತಮ್ಮಂದಿರಂತೆ ಕಾಣುತ್ತವೆ. ಎರಡರಲ್ಲೂ ಕಷ್ಟವಿದೆ, ಛಲವಿದೆ, ಕೊನೆಯಲ್ಲಿ ಕಣ್ಣೀರಿದೆ. ಆದರೆ ನಮ್ಮ ಮಟ್ಟಿಗೆ ಇವು ಬೇರೆ ಬೇರೆ ಪಾಠ ಹೇಳುವ ಚಿತ್ರಗಳು. ಒಂದರ ಕೇಂದ್ರದಲ್ಲಿ ಗೆಲುವು ಇದೆ, ಇನ್ನೊಂದರ ಕೇಂದ್ರದಲ್ಲಿ ಉಳಿವು ಇದೆ. ಮಕ್ಕಳ ಮುಂದೆ ಯಾವುದನ್ನು ಇಡುತ್ತೇವೆ ಎಂಬುದು ಅಲ್ಪ ವಿಷಯವಲ್ಲವೆಂದು ನಮಗೆ ತಿಳಿದುದು ಮನೆಯಲ್ಲಿ ನಡೆದ ಒಂದು ಪ್ರಸಂಗದಿಂದ.

ನಮ್ಮ ಸೋದರಳಿಯ ಶಾಲೆಯ ಕಬಡ್ಡಿ ತಂಡದಲ್ಲಿದ್ದಾನೆ. ಉಪಜಿಲ್ಲಾ ಕ್ರೀಡಾಕೂಟದ ಸೆಮಿಫೈನಲಿನಲ್ಲಿ ತಂಡ ಸೋತಿತು. ಕೊನೆಯ ಕ್ಯಾಚಿನಲ್ಲಿ ಇವನ ಹಿಡಿತ ತಪ್ಪಿತ್ತು. ಮನೆಗೆ ಬಂದವನು ಅನ್ನ ಮುಟ್ಟಲಿಲ್ಲ. ಹುಡುಗನಿಗೆ ಧೈರ್ಯ ಬರಲಿ ಎಂದು ಭಾವ ಅವನನ್ನು ಕೂರಿಸಿ 'ದಂಗಲ್' ಚಿತ್ರ ತೋರಿಸಿದರು. ನಾವೂ ಜತೆಗಿದ್ದೆವು. ಚಿತ್ರ ಮುಗಿಯಿತು, ರಾಷ್ಟ್ರಗೀತೆ ಮೊಳಗಿತು, ನಮ್ಮ ಕಣ್ಣೂ ಒದ್ದೆಯಾಯಿತು. ಹುಡುಗ ಮಾತ್ರ ಸುಮ್ಮನೆ ಕೂತಿದ್ದ. ಆಮೇಲೆ ಮೆಲ್ಲನೆ ಕೇಳಿದ: "ಸೋತ ಆ ಹುಡುಗಿಯೂ ಬೆಳಿಗ್ಗೆ ಐದಕ್ಕೆ ಎದ್ದು ಓಡಿರಲಿಕ್ಕಿಲ್ಲವಾ ಮಾವ?" ಭಾವ ನಮ್ಮ ಮುಖ ನೋಡಿದರು, ನಾವು ಅವರ ಮುಖ ನೋಡಿದೆವು. ಉತ್ತರ ಇಬ್ಬರಲ್ಲೂ ಇರಲಿಲ್ಲ.

'ದಂಗಲ್' ಕೆಟ್ಟ ಚಿತ್ರವೆಂದು ನಾವು ಹೇಳುವುದಿಲ್ಲ. ಹರಿಯಾಣದ ಒಂದು ಹಳ್ಳಿಯಲ್ಲಿ ಹೆಣ್ಣುಮಕ್ಕಳನ್ನು ಅಖಾಡಕ್ಕಿಳಿಸಿದ ತಂದೆಯ ಕಥೆಯನ್ನು 2016ರಲ್ಲಿ ಮನೆಮನೆಗೆ ಮುಟ್ಟಿಸಿದುದು ಸಣ್ಣ ಕೆಲಸವಲ್ಲ. ಗೀತಾ ಫೋಗಟ್ 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದುದು ಚರಿತ್ರೆ. ಆದರೆ ಫೈನಲಿನ ಹೊತ್ತಿಗೆ ತಂದೆಯನ್ನು ಕೋಣೆಯಲ್ಲಿ ಕೂಡಿಹಾಕುವ ತರಬೇತುದಾರ ಕಥೆಗಾರರ ಸೃಷ್ಟಿ. ಕೊನೆಯ ಕ್ಷಣದವರೆಗೆ ಉಸಿರು ಬಿಗಿಹಿಡಿಸುವ ಆ ಹೋರಾಟವೂ ಹಾಗೆಯೇ. ನಿಜವಾದ ಫೈನಲಿನಲ್ಲಿ ಆಕೆ ನಿರಾಯಾಸವಾಗಿ ಗೆದ್ದಿದ್ದಳು. ಸಿನಿಮಾಕ್ಕೆ ಅಷ್ಟು ಸಾಲದು. ಖಳನಾಯಕ ಬೇಕು, ಕೊನೆಯ ಸೆಕೆಂಡಿನ ಪವಾಡ ಬೇಕು. ಹೀಗೆ ಗೆಲುವಿಗೆ ಉಪ್ಪುಖಾರ ಹಚ್ಚಿದಷ್ಟೂ ಸೋತವರು ಮನುಷ್ಯರೇ ಅಲ್ಲವೆಂಬಂತಾಗುತ್ತದೆ. ನಮ್ಮ ತಕರಾರು ಇರುವುದು ಇಲ್ಲಿ.

2007ರ 'ಚಕ್ ದೇ ಇಂಡಿಯಾ' ನಮಗೆ ಇದಕ್ಕಿಂತ ಹೆಚ್ಚು ಹತ್ತಿರವಾಗಲು ಕಾರಣವಿದೆ. ಅದರಲ್ಲಿಯೂ ಕೊನೆಗೆ ಕಪ್ಪು ಸಿಗುತ್ತದೆ ನಿಜ. ಆದರೆ ಕಥೆ ಹೊರಡುವುದು ಸೋತ ಒಬ್ಬ ಆಟಗಾರನ ಅವಮಾನದಿಂದ. 1982ರ ದೆಹಲಿ ಏಷ್ಯಾಡ್ ಫೈನಲಿನಲ್ಲಿ ಪಾಕಿಸ್ತಾನದೆದುರು ನಮ್ಮ ಹಾಕಿ ತಂಡ 7–1ರಿಂದ ಸೋತಾಗ ಗೋಲ್‌ಕೀಪರ್ ಮೀರ್ ರಂಜನ್ ನೇಗಿ ಎಂಥ ಮಾತು ಕೇಳಬೇಕಾಯಿತು ಎಂಬುದನ್ನು ಹಿರಿಯ ವಾಚಕರು ಬಲ್ಲರು. ಅದೇ ನೇಗಿ, 2002ರಲ್ಲಿ ಕಾಮನ್‌ವೆಲ್ತ್ ಚಿನ್ನ ಗೆದ್ದ ಮಹಿಳಾ ತಂಡಕ್ಕೆ ತರಬೇತಿ ನೀಡಿದವರಲ್ಲಿ ಒಬ್ಬರು. ಇನ್ನೊಂದು ಮಾತು. ಆ ಚಿತ್ರದಲ್ಲಿ ಹಿಂದಿ ಸರಿಯಾಗಿ ಬಾರದ ಝಾರ್ಖಂಡದ ಹುಡುಗಿಯರು, ತಮ್ಮ ದೇಶದಲ್ಲೇ ಪರದೇಶಿಗಳಂತೆ ಕಾಣಿಸಿಕೊಳ್ಳುವ ಈಶಾನ್ಯದ ಹುಡುಗಿಯರು, ತೆಲುಗಿಗೂ ತಮಿಳಿಗೂ ಭೇದ ತಿಳಿಯದ ಅಧಿಕಾರಿ ಎಲ್ಲರೂ ಇದ್ದಾರೆ. ಕಚೇರಿಯ ಕಿಟಕಿಯಲ್ಲಿ ತನ್ನ ಮಾತು ಯಾರಿಗೂ ತಿಳಿಯದೆ ನಿಂತ ಅನುಭವ ಇರುವವರಿಗೆ ಆ ದೃಶ್ಯಗಳ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಪಾಲಿಗೆ ಕ್ರೀಡೆಯ ನಿಜವಾದ ನಾಟಕವಿರುವುದು ನಾಲ್ಕನೆಯ ಸ್ಥಾನದಲ್ಲಿ. 1960ರ ರೋಮ್ ಒಲಿಂಪಿಕ್ಸಿನಲ್ಲಿ ಮಿಲ್ಖಾ ಸಿಂಗ್ 400 ಮೀಟರ್ ಓಟದಲ್ಲಿ ನಾಲ್ಕನೆಯವರಾದರು. 1984ರ ಲಾಸ್ ಏಂಜಲೀಸ್‌ನಲ್ಲಿ ಪಯ್ಯೋಳಿಯ ಪಿ.ಟಿ. ಉಷಾ 400 ಮೀಟರ್ ಹರ್ಡಲ್ಸಿನಲ್ಲಿ ಸೆಕೆಂಡಿನ ನೂರನೆಯ ಒಂದು ಪಾಲಿನಿಂದ ಕಂಚು ಕಳೆದುಕೊಂಡರು. ಆ ನಾಲ್ಕನೆಯ ಸ್ಥಾನವನ್ನು ಈ ನಾಡು ನಲವತ್ತು ವರ್ಷಗಳಿಂದ ಪದಕಕ್ಕಿಂತ ಹೆಚ್ಚಾಗಿ ನೆನೆಯುತ್ತಿದೆ. 2013ರ 'ಭಾಗ್ ಮಿಲ್ಖಾ ಭಾಗ್' ಆರಂಭವಾಗುವುದು ರೋಮ್ ಸೋಲಿನಿಂದಲೇ. ಒಳ್ಳೆಯ ಆರಂಭ. ಆದರೆ ನಿರ್ದೇಶಕರಿಗೆ ಅಲ್ಲಿಯೇ ನಿಲ್ಲುವ ಧೈರ್ಯ ಬರಲಿಲ್ಲ. ಲಾಹೋರಿನ ಗೆಲುವಿನಲ್ಲಿ ತಂದು ಮುಗಿಸಿದರು. ಪ್ರೇಕ್ಷಕರು ಸೋಲನ್ನು ಹೊತ್ತುಕೊಂಡು ಮನೆಗೆ ಹೋಗಲಾರರು ಎಂಬ ಅಂಜಿಕೆ ಇದ್ದಿರಬೇಕು.

ಆ ಅಂಜಿಕೆ ಮಲಯಾಳ ಚಿತ್ರಗಳಲ್ಲಿ ಕಡಿಮೆ. 2014ರ '1983' ಚಿತ್ರದ ನಾಯಕ ಹಳ್ಳಿಯ ಮೈದಾನ ದಾಟದ ಕ್ರಿಕೆಟ್ ಹುಚ್ಚ. ಆಟದ ಹುಚ್ಚಿನಲ್ಲಿ ಓದನ್ನು ಕಳೆದುಕೊಂಡವನು. ಅಂಥವರು ನಮ್ಮ ಒಂದೊಂದು ಊರಿನಲ್ಲೂ ಇಬ್ಬರು ಮೂವರು ಇಲ್ಲವೇ? 2018ರ 'ಕ್ಯಾಪ್ಟನ್' ನಮ್ಮ ನೆರೆಯ ಕಣ್ಣೂರಿನವರಾದ ವಿ.ಪಿ. ಸತ್ಯನ್ ಅವರ ಕಥೆ. ಭಾರತ ಫುಟ್ಬಾಲ್ ತಂಡದ ನಾಯಕರಾಗಿದ್ದ ಅವರು 2006ರಲ್ಲಿ ತಮ್ಮ ಜೀವವನ್ನು ತಾವೇ ತೆಗೆದುಕೊಂಡರು. ಆಟ ಮುಗಿದ ಮೇಲೆ ಆಟಗಾರನಿಗೇನಾಗುತ್ತದೆ ಎಂದು ಕೇಳಿದ ಚಿತ್ರ ಅದು. ಆ ಪ್ರಶ್ನೆಗೆ ಸಮಾಧಾನದ ಉತ್ತರವಿಲ್ಲ. ಆದರೂ ಕೇಳಿದುದು ಒಳ್ಳೆಯದಾಯಿತು.

ಇನ್ನು ಬದುಕಿ ಬಂದವರ ಚಿತ್ರಗಳು. 2024ರಲ್ಲಿ ಬಂದ 'ಮಂಜುಮ್ಮೆಲ್ ಬಾಯ್ಸ್' ನೋಡದವರು ನಮ್ಮಲ್ಲಿ ವಿರಳ. ಕೊಚ್ಚಿಯ ಹತ್ತಿರದ ಮಂಜುಮ್ಮೆಲಿನ ಗೆಳೆಯರ ತಂಡವೊಂದು 2006ರಲ್ಲಿ ಕೊಡೈಕೆನಾಲಿಗೆ ಹೋಗಿ, ಗುಣ ಗುಹೆಯಲ್ಲಿ ಒಬ್ಬನನ್ನು ಕಳೆದುಕೊಂಡು, ಮತ್ತೆ ಪಡೆದ ನಿಜ ಕಥೆ ಅದು. ಆ ಹೊಂಡಕ್ಕೆ ಬಿದ್ದವರು ಬದುಕಿ ಬಂದುದಿಲ್ಲ ಎಂದು ಊರವರು ಕೈಚೆಲ್ಲಿದಾಗ ಗೆಳೆಯನೊಬ್ಬ ಹಗ್ಗ ಕಟ್ಟಿಕೊಂಡು ಕೆಳಗಿಳಿಯುತ್ತಾನೆ. ಈ ತಂಡದವರು ಊರಿನಲ್ಲಿ ಹಗ್ಗಜಗ್ಗಾಟ ಆಡುವವರು ಎಂಬುದನ್ನು ನಿರ್ದೇಶಕ ಚಿದಂಬರಂ ಮೊದಲೇ ತೋರಿಸಿರುತ್ತಾರೆ. ಕೊನೆಗೆ ಇಬ್ಬರನ್ನು ಮೇಲಕ್ಕೆಳೆಯುವಾಗ ಬೇಕಾಗುವುದು ಅದೇ ವಿದ್ಯೆ: ಒಂದೇ ಕೂಗಿಗೆ ಒಂದೇ ಎಳೆತ, ಕಾಲು ನೆಲಕ್ಕೆ ಊರಿ, ಹಗ್ಗ ಕೈಯಿಂದ ಜಾರದಂತೆ. ಓಣಂ, ಮೊಸರುಕುಡಿಕೆಗಳಲ್ಲಿ ಬಾಳೆಗೊನೆಯ ಬಹುಮಾನಕ್ಕಾಗಿ ನಮ್ಮ ಸಂಘದ ಹುಡುಗರು ಎಳೆಯುವ ಹಗ್ಗಕ್ಕೂ ಈ ಹಗ್ಗಕ್ಕೂ ಭೇದವಿಲ್ಲ. ಇಲ್ಲಿ ಎದುರು ಪಕ್ಷದಲ್ಲಿ ಇರುವುದು ಸಾವು, ಅಷ್ಟೆ. ಆಟವೆಂಬುದು ಏತಕ್ಕಾಗಿ ಎಂದು ಯಾರಾದರೂ ಕೇಳಿದರೆ ನಾವು ಈ ದೃಶ್ಯವನ್ನೇ ತೋರಿಸುತ್ತೇವೆ.

ಆಟಕ್ಕೂ ಉಳಿವಿಗೂ ಇರುವ ನಂಟನ್ನು ತೋರಿಸುವ ಇನ್ನೊಂದು ಚಿತ್ರ ಸ್ಪಾನಿಷ್ ಭಾಷೆಯ 'ಸೊಸೈಟಿ ಆಫ್ ದಿ ಸ್ನೋ'. 1972ರ ಅಕ್ಟೋಬರ್ 13ರಂದು ಉರುಗ್ವೆಯ ರಗ್ಬಿ ತಂಡವನ್ನು ಹೊತ್ತಿದ್ದ ವಿಮಾನ ಆಂಡೀಸ್ ಪರ್ವತದ ಹಿಮದಲ್ಲಿ ಬಿತ್ತು. ಅದರಲ್ಲಿದ್ದವರು 45 ಮಂದಿ. 72 ದಿನಗಳ ಬಳಿಕ ಉಳಿದು ಬಂದವರು 16. ತಿನ್ನಲು ಏನೂ ಇಲ್ಲದ ಕಡೆ ಸತ್ತ ಗೆಳೆಯರ ದೇಹವೇ ಅವರಿಗೆ ಆಹಾರವಾಯಿತು. 1993ರ 'ಅಲೈವ್' ಇದೇ ಕಥೆಯನ್ನು ಬದುಕಿದವರ ಕಡೆಯಿಂದ ಹೇಳಿತ್ತು. 2023ರ ಈ ಚಿತ್ರದಲ್ಲಿ ಕಥೆ ಹೇಳುವವನು ಹಿಮದಲ್ಲಿಯೇ ತೀರಿಕೊಂಡವನು. ಸತ್ತವರೂ ತಂಡದವರೇ, ಅವರಿಲ್ಲದೆ ಹದಿನಾರು ಮಂದಿ ಇಲ್ಲ ಎಂಬುದು ಅದರ ಭಾವ. ನಮ್ಮ ಸೋದರಳಿಯ ಕೇಳಿದ ಪ್ರಶ್ನೆಗೆ ಯಾರಾದರೂ ಉತ್ತರ ಕೊಟ್ಟಿದ್ದರೆ ಈ ಚಿತ್ರದವರು.

'ಆಡುಜೀವಿತಂ' ವಿಷಯ ಬೇರೆಯೇ. ಬೆನ್ಯಾಮಿನ್ ಅವರ 2008ರ ಕಾದಂಬರಿಯನ್ನು ಬ್ಲೆಸ್ಸಿ 2024ರಲ್ಲಿ ತೆರೆಗೆ ತಂದರು. ಜೋರ್ಡಾನಿನ ಮರುಭೂಮಿಯಲ್ಲಿ ಚಿತ್ರೀಕರಣಕ್ಕೆ ಹೋದವರು 2020ರಲ್ಲಿ ಕೊರೋನಾ ಕಾರಣ ಅಲ್ಲಿಯೇ ಸಿಕ್ಕಿಬಿದ್ದುದು ಪತ್ರಿಕೆಗಳಲ್ಲಿ ಬಂದ ಸುದ್ದಿ. ಕೊಲ್ಲಿ ದೇಶಕ್ಕೆ ಕೆಲಸಕ್ಕೆಂದು ಹೋಗಿ ಮರುಭೂಮಿಯಲ್ಲಿ ಆಡು ಮೇಯಿಸುವ ಗುಲಾಮನಾದ ನಜೀಬನ ಕಥೆಯನ್ನು ನಮ್ಮ ಜಿಲ್ಲೆಯವರು ಕೇವಲ ಕಥೆಯೆಂದು ನೋಡಲಾರರು. ಕೊಲ್ಲಿಯಿಂದ ಬರುವ ಹಣ, ಅತ್ತರು, ಕಂಬಳಿ ನಮಗೆ ಕಾಣುತ್ತದೆ. ಅಲ್ಲಿನ ಬಿಸಿಲು ಕಾಣುವುದಿಲ್ಲ. ಆ ಬಿಸಿಲನ್ನು ಈ ಚಿತ್ರ ಕಾಣಿಸಿತು. ಆದರೂ ನಮ್ಮದೊಂದು ಆಕ್ಷೇಪವಿದೆ. ನಟನ ಸೊರಗಿದ ದೇಹವನ್ನೇ ಮತ್ತೆ ಮತ್ತೆ ತೋರಿಸುವಾಗ ನಜೀಬನ ನೋವಿಗಿಂತ ನಟನ ಶ್ರಮವೇ ಮುಂದೆ ಬಂದು ನಿಲ್ಲುತ್ತದೆ. ನೋವು ಪ್ರದರ್ಶನದ ವಸ್ತುವಾಗಬಾರದು.

ಈ ಜಾತಿಯ ಚಿತ್ರಗಳಲ್ಲಿ ಇನ್ನೊಂದು ದೋಷವಿದೆ. ಬದುಕಿ ಉಳಿಯುವುದು ಎಂದರೆ ಕೆಲವು ಗಂಟೆಗಳ ಅಥವಾ ಕೆಲವು ದಿನಗಳ ಕೆಲಸ ಎಂಬ ಭಾವನೆ ಇವು ಹುಟ್ಟಿಸುತ್ತವೆ. ಹಗ್ಗ ಮೇಲೆ ಬಂತು, ಕಥೆ ಮುಗಿಯಿತು. ಆದರೆ ನಮ್ಮ ಎಣ್ಮಕಜೆ, ಪಡ್ರೆ, ಸ್ವರ್ಗದ ಕಡೆ ಹೋಗಿ ನೋಡಿ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯುವುದು ನಿಂತುದು 2000ದಲ್ಲಿ. ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೆಲ್ಲ ತಡೆದುದು 2011ರಲ್ಲಿ. ಅಲ್ಲಿನ ತಾಯಂದಿರು ಮಕ್ಕಳನ್ನು ಎತ್ತಿ ಉಣ್ಣಿಸುವುದು ಇಂದಿಗೂ ನಿಂತಿಲ್ಲ. ಆ ಅನ್ಯಾಯವನ್ನು ಮೊದಲು ಲೋಕಕ್ಕೆ ತಿಳಿಸಿದವರಲ್ಲಿ ಕನ್ನಡದ ಪತ್ರಕರ್ತ ಶ್ರೀಪಡ್ರೆಯವರು ಒಬ್ಬರು. ಅದನ್ನು ಸಿನಿಮಾ ಮಾಡಿದವರು ಮಾತ್ರ ಮಲಯಾಳದ ಡಾ. ಬಿಜು, 2015ರ 'ವಲಿಯ ಚಿರಗುಳ್ಳ ಪಕ್ಷಿಗಳ್' ಎಂಬ ಚಿತ್ರದಲ್ಲಿ. ಅವರಿಗೆ ನಾವು ಕೃತಜ್ಞರು. ಅದರಲ್ಲಿ ಹಗ್ಗ ಹಿಡಿದು ಇಳಿಯುವ ನಾಯಕನಿಲ್ಲ, ಕೊನೆಯ ಕ್ಷಣದ ಪವಾಡವಿಲ್ಲ. ಅದಕ್ಕೇ ಇರಬೇಕು, ಅದನ್ನು ನೋಡಿದವರ ಸಂಖ್ಯೆಯೂ ಕಡಿಮೆ.

"ಬದುಕಿನಲ್ಲಿ ಸೋಲು ಹೇಗೂ ಇದೆ. ಸಿನಿಮಾದಲ್ಲಾದರೂ ಗೆಲುವು ಇರಲಿ ಮಾರಾಯ್ರೆ" ಎಂದು ಸ್ನೇಹಿತರೊಬ್ಬರು ನಮ್ಮನ್ನು ಹಂಗಿಸಿದರು. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ದಿನವಿಡೀ ದುಡಿದು ಬಂದವನಿಗೆ ಎರಡು ಗಂಟೆಯ ಗೆಲುವು ಟಾನಿಕ್ಕು ಇದ್ದಂತೆ. ಆದರೆ ಟಾನಿಕ್ಕು ಕುಡಿದೇ ಹೊಟ್ಟೆ ತುಂಬುವುದಿಲ್ಲ. ಹತ್ತು ಮಂದಿ ಆಡಿದಲ್ಲಿ ಗೆಲ್ಲುವವನು ಒಬ್ಬ. ಉಳಿದ ಒಂಬತ್ತು ಮಂದಿಗೆ ನಾವು ಏನು ಹೇಳುತ್ತೇವೆ? ಗೆದ್ದವನ ಚಿತ್ರ ತೋರಿಸಿ "ನೋಡಿ ಕಲಿ" ಎನ್ನುವುದು ಅವರಿಗೆ ಧೈರ್ಯ ಕೊಡುವ ಕ್ರಮವಲ್ಲ, ಗಾಯಕ್ಕೆ ಉಪ್ಪು ಸವರುವ ಕ್ರಮ. ತಾಯಂದಿರೂ ತಂದೆಯಂದಿರೂ ಇದನ್ನು ಯೋಚಿಸಬೇಕು.

ಸೋದರಳಿಯನ ವಿಷಯ ಹೇಳಿ ಮುಗಿಸುತ್ತೇವೆ. ಅವನು ಕಬಡ್ಡಿ ಬಿಡುತ್ತೇನೆಂದು ಹಟ ಹಿಡಿದಿದ್ದ. ಒಂದು ಭಾನುವಾರ ಅವನ ತಂಡದ ಹುಡುಗರನ್ನೂ ಮನೆಗೆ ಕರೆಸಿ, ಅವಲಕ್ಕಿ, ಚಹಾದೊಂದಿಗೆ 'ಮಂಜುಮ್ಮೆಲ್ ಬಾಯ್ಸ್' ಹಾಕಿದೆವು. ಯಾರಿಗೂ ಉಪದೇಶ ಮಾಡಲಿಲ್ಲ. ಚಿತ್ರ ಮುಗಿದ ಮೇಲೆ ಹುಡುಗರಲ್ಲಿ ವಾದವೆದ್ದುದು ಹೊಂಡಕ್ಕೆ ಇಳಿದವನ ಬಗ್ಗೆ ಅಲ್ಲ, ಮೇಲೆ ಹಗ್ಗ ಹಿಡಿದು ನಿಂತವರ ಬಗ್ಗೆ. ತಮ್ಮಲ್ಲಿ ಯಾರನ್ನು ಹಗ್ಗದ ಕೊನೆಗೆ ನಿಲ್ಲಿಸಬಹುದು ಎಂದು. ಒಬ್ಬ ಹುಡುಗ ನಮ್ಮ ಅಳಿಯನ ಹೆಸರು ಹೇಳಿದ. ಮಿಕ್ಕವರು ಹೌದೆಂದರು.

ಮರುವಾರದಿಂದ ಅವನು ಮತ್ತೆ ಮೈದಾನಕ್ಕೆ ಹೋಗತೊಡಗಿದ. ಈ ವರ್ಷವೂ ತಂಡ ಸೋತಿತು, ಅದೂ ಮೊದಲ ಸುತ್ತಿನಲ್ಲೇ. ಆದರೆ ಮನೆಗೆ ಬಂದವನು ಎರಡು ಸಲ ಅನ್ನ ಬಡಿಸಿಕೊಂಡು, ಯಾರ ರೈಡು ಹೇಗಿತ್ತು, ಯಾರ ಕಾಲು ಎಲ್ಲಿ ಜಾರಿತು ಎಂದು ರಾತ್ರಿ ಹತ್ತರವರೆಗೆ ವಿವರಿಸಿದ. ನಮ್ಮ ಪಾಲಿಗೆ ಅದಕ್ಕಿಂತ ದೊಡ್ಡ ಕಪ್ಪು ಬೇರೆ ಬೇಕಾಗಿಲ್ಲ.