ಮರಿಕೋತಿಯ ಮೆದುಳು ಯಾರಪ್ಪನ ಸ್ವತ್ತು?

ಮೊನ್ನೆ ಗೆಳೆಯನ ಜೊತೆ ಜಗಳವಾಯ್ತು. ಕೋತಿಮರಿಗಳ ಮೆದುಳಿನ ಸ್ಕ್ಯಾನ್‌ಗಳನ್ನು ಎಲ್ಲರಿಗೂ ಬಿಟ್ಟುಕೊಡಬೇಕು ಅಂದೆ. "ಅವರ ದುಡಿಮೆ, ಅವರ ಡೇಟಾ. ಕೊಟ್ರೆ ಉಂಟು, ಇಲ್ಲಾಂದ್ರೆ ಇಲ್ಲ ಕಣೋ" ಅಂದ. ರೇಗಿತು ನನಗೆ. ಅವರದ್ದು ಹೇಗಾಗುತ್ತೆ ಸ್ವಾಮಿ?

ವಿಷಯ ಇಷ್ಟು. ರೀಸಸ್ ಕೋತಿಮರಿ ನಮ್ಮ ಮಕ್ಕಳಿಗಿಂತ ಸುಮಾರು ನಾಲ್ಕು ಪಟ್ಟು ಬೇಗ ಬೆಳೆಯುತ್ತೆ. ಮೆದುಳು ಬೆಳೆಯೋ ಬಗೆ ತಿಳಿಯೋಕೆ ಅದೇ ಮರಿಯನ್ನು ಮತ್ತೆ ಮತ್ತೆ ಎಂಆರ್‌ಐ ಯಂತ್ರದಲ್ಲಿ ಮಲಗಿಸ್ತಾರೆ. ಎಕ್ಸ್-ರೇ ಥರ ವಿಕಿರಣ ಇಲ್ಲ, ಒಪ್ಪೋಣ. ಆದರೆ ಕೋತಿಮರಿ ಅಲುಗಾಡದೆ ಮಲಗುತ್ತಾ? ಅಲುಗಿದರೆ ಚಿತ್ರ ಕೆಟ್ಟಿತು. ಅದಕ್ಕೇ ಅರಿವಳಿಕೆ ಕೊಡೋದು.

ಅಮೆರಿಕದ ನಾರ್ತ್ ಕೆರೋಲಿನಾ ಮತ್ತು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು 34 ಮರಿಗಳ ಚಿತ್ರಗಳನ್ನು, ಎರಡು ವಾರದಿಂದ 36 ತಿಂಗಳ ವಯಸ್ಸಿನವರೆಗಿನವು, 2017ರಲ್ಲಿ ಎಲ್ಲರ ಮುಂದಿಟ್ಟರು. 2018ರಲ್ಲಿ ಹಲವು ಲ್ಯಾಬ್‌ಗಳು ಸೇರಿ ಪ್ರೈಮ್-ಡಿಇ ಅನ್ನೋ ಭಂಡಾರ ಶುರುಮಾಡಿದವು. ಅಂದರೆ ಮನಸ್ಸಿದ್ದರೆ ಆಗುತ್ತೆ.

ಕ್ಯೋಟೋ ವಿಶ್ವವಿದ್ಯಾಲಯದವರ 2011ರ ಅಧ್ಯಯನದಲ್ಲಿ ಇದ್ದದ್ದು ಮೂರೇ ಮೂರು ಚಿಂಪಾಂಜಿ ಮರಿಗಳು. ಆರು ತಿಂಗಳಿಂದ ಆರು ವರ್ಷದವರೆಗೆ ಸ್ಕ್ಯಾನ್ ಮಾಡಿದರು. ಹಣೆಯ ಹಿಂದಿರೋ ಮೆದುಳಿನ ಬಿಳಿಭಾಗ ಶೈಶವದಲ್ಲಿ ಮನುಷ್ಯರ ಮಕ್ಕಳಲ್ಲಿ ಹೆಚ್ಚು ವೇಗವಾಗಿ ಬೆಳೆಯುತ್ತೆ ಅಂತ ಗೊತ್ತಾಗಿದ್ದು ಹಾಗೆ. ಮೂರು ಮರಿಗಳಿಂದಲೇ ಇಷ್ಟು ಸಿಕ್ಕರೆ, ಯಾರದೋ ಹಾರ್ಡ್‌ಡಿಸ್ಕ್‌ನಲ್ಲಿ ಕೊಳೆಯೋ ಒಂದೊಂದು ಸ್ಕ್ಯಾನ್ ಎಷ್ಟು ದೊಡ್ಡ ನಷ್ಟ ಯೋಚಿಸಿ.

ನಾನು ಬರೆದ ಕೋಡ್ ಕಳೆದುಹೋದರೆ ಬೈದುಕೊಂಡು ಮತ್ತೆ ಬರೀತೀನಿ. ಮೂರು ವರ್ಷದ ಕೋತಿ ಮತ್ತೆ ಎರಡು ವಾರದ ಮರಿ ಆಗಲ್ಲ. ಒಬ್ಬರು ಬೀಗ ಹಾಕಿಟ್ಟರೆ, ಅದೇ ಪ್ರಶ್ನೆ ಇರೋ ಇನ್ನೊಂದು ಲ್ಯಾಬ್ ಹೊಸ ಮರಿಗಳಿಗೆ ಅರಿವಳಿಕೆ ಕೊಡುತ್ತೆ.

"ವರ್ಷಗಟ್ಟಲೆ ಬೆವರು ಸುರಿಸಿದ್ದಾರೆ, ಬೇರೆಯವರು ಮೊದಲು ಪೇಪರ್ ಬರೆದುಬಿಟ್ಟರೆ?" ಅಂದ ಗೆಳೆಯ. ನ್ಯಾಯವಾದ ಮಾತೇ. ಮೊದಲ ಪೇಪರ್ ಅವರೇ ಬರೀಲಿ, ಬೇಕಾದರೆ ಇನ್ನೊಂದು ವರ್ಷ ಇಟ್ಕೊಳ್ಳಲಿ. ಆಮೇಲೆ ಬಿಡಲೇಬೇಕು. ಅನುದಾನ ಕೊಡೋವಾಗಲೇ ಈ ಷರತ್ತು ಹಾಕಬೇಕು.

ಒಂದು ಕಾಲದಲ್ಲಿ ನಮ್ಮ ದೇಶದಿಂದಲೇ ರೀಸಸ್ ಕೋತಿಗಳು ಸಾವಿರಗಟ್ಟಲೆ ಹೊರದೇಶದ ಲ್ಯಾಬ್‌ಗಳಿಗೆ ಹೋಗುತ್ತಿದ್ದವು. 1978ರಲ್ಲಿ ಭಾರತ ರಫ್ತು ನಿಲ್ಲಿಸಿತು. ಕೋತಿ ಕೊಟ್ಟ ದೇಶದವರಿಗೆ ಇಷ್ಟು ಕೇಳೋ ಹಕ್ಕಿಲ್ವಾ?

ಪ್ರಯೋಗವೇ ಬೇಡ ಅನ್ನೋರು ನಿಮ್ಮಲ್ಲಿ ಇರಬಹುದು. ಆ ಜಗಳ ಇನ್ನೊಂದು ದಿನ ಆಡೋಣ. ಮಾಡಿದ್ದಾಗಿದೆ, ಅದನ್ನಾದರೂ ವ್ಯರ್ಥ ಮಾಡಬೇಡಿ ಅನ್ನೋದಕ್ಕೆ ನಾವಿಬ್ಬರೂ ಒಪ್ಪಬಹುದಲ್ವಾ?

ಏನಂತೀರಿ?