ಸುಳ್ಳು ಹೇಳುವ ದೀಪ

ವಳಕಮದಿನ್ನಿಯ ಕಡೆಯಿಂದ ಕಾಲೇಜಿಗೆ ಬರುವ ವಿದ್ಯಾರ್ಥಿಯೊಬ್ಬನು ತನ್ನ ಹಳೆಯ ಮೋಟಾರು ಸೈಕಲ್ಲಿಗೆ ಹೊಸ ಎಲ್‌ಇಡಿ ಇಂಡಿಕೇಟರುಗಳನ್ನು ಹಾಕಿಸಿಕೊಂಡಿದ್ದನು. ದೀಪಗಳು ಚೆಲುವಾಗಿದ್ದುವು. ಆದರೆ ಬಲಕ್ಕೆ ತಿರುಗುವ ಗುಂಡಿಯನ್ನು ಒತ್ತಿದರೆ ಎಡಗಡೆಯ ದೀಪಗಳೂ ಕೂಡಿ ಮಿನುಗುತ್ತಿದ್ದುವು. “ಇರ್ಲಿ ಬಿಡ್ರಿ ಸರ್, ಬೆಳಕು ಜಾಸ್ತೀನೇ ಆತಲ್ರಿ” ಎಂದು ಅವನು ನಕ್ಕನು. ನಮಗೆ ನಗು ಬರಲಿಲ್ಲ.

ಸುಗ್ಗಿಯಲ್ಲಿ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ರಸ್ತೆಯಲ್ಲಿ ಬತ್ತ ಹೇರಿದ ಟ್ರ್ಯಾಕ್ಟರುಗಳ ಸಾಲನ್ನು ಕಂಡವರು ಇದನ್ನು ಆಲೋಚಿಸಬೇಕು. ನಾಲ್ಕೂ ದೀಪ ಮಿನುಗುವ ವಾಹನವನ್ನು ಕಂಡಾಗ, ಹಿಂದೆ ಬರುವವನು ಅದು ನಿಂತಿದೆಯೆಂದು ತಿಳಿದು ಬಲಗಡೆಯಿಂದ ಮುಂದೆ ಹೋಗಲು ಹವಣಿಸುವನು. ಸವಾರನು ತಿರುಗುವುದೂ ಆ ಬಲಗಡೆಗೇ! ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬರುವವನು ಎರಡು ಸೆಕೆಂಡು ಸಂದೇಹಪಟ್ಟರೆ, ಅಷ್ಟರಲ್ಲಿ 33 ಮೀಟರ್ ದೂರ ಸಾಗಿರುವನು. ದೀಪವಿಲ್ಲದ ವಾಹನಕ್ಕಿಂತ ಸುಳ್ಳು ಹೇಳುವ ದೀಪದ ವಾಹನವು ಹೆಚ್ಚು ಅಪಾಯಕರ.

ಇದಕ್ಕೆ ಕಾರಣವೇನು? ಅನೇಕ ಮೋಟಾರು ಸೈಕಲ್ಲುಗಳಲ್ಲಿ ಮೀಟರಿನ ಬಳಿ ಒಂದೇ ಒಂದು ಸಣ್ಣ ಸೂಚಕ ದೀಪವಿರುವುದು. ಅದರ ಒಂದು ತುದಿ ಎಡಗಡೆಯ ತಂತಿಗೂ ಮತ್ತೊಂದು ತುದಿ ಬಲಗಡೆಯ ತಂತಿಗೂ ಸೇರಿರುವುದು. ಬಲದ ದೀಪಗಳು ಉರಿಯುವಾಗ ಈ ಸೂಚಕದ ಮೂಲಕ ಹರಿದ ಅಲ್ಪ ಪ್ರವಾಹವು ಎಡದ ಬಲ್ಬುಗಳನ್ನು ಹಾದು ನೆಲತಂತಿಯನ್ನು ಸೇರುವುದು. 12 ವೋಲ್ಟಿನಲ್ಲಿ ಉರಿಯಲು 10 ವಾಟ್ ಬಲ್ಬಿಗೆ 0.83 ಆಂಪೇರ್ ಬೇಕು. ಈ ಅಲ್ಪ ಪ್ರವಾಹದಿಂದ ಅದರ ಎಳೆ ಕೆಂಪಗೂ ಆಗದು. ಆದರೆ 1 ವಾಟಿನ ಎಲ್‌ಇಡಿಗೆ 0.083 ಆಂಪೇರ್ ಸಾಕು. ಆದುದರಿಂದ ಅದು ಧಾರಾಳವಾಗಿ ಬೆಳಗುವುದು. ಹಳೆಯ ಬಲ್ಬು ಬೆಳಕನ್ನು ಮಾತ್ರವಲ್ಲ, ಪ್ರವಾಹಕ್ಕೆ ದಾರಿಯನ್ನೂ ಕೊಡುತ್ತಿತ್ತು. ಈ ಎರಡನೆಯ ಕೆಲಸವನ್ನು ಮರೆತದ್ದೇ ತಪ್ಪು.

ಮಿನುಗುವ ವೇಗವೂ ಕೆಡಬಹುದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ತಿರುವಿನ ದೀಪವು ಹಳದಿಗೆಂಪು ಬಣ್ಣದಲ್ಲಿ ನಿಮಿಷಕ್ಕೆ 60ರಿಂದ 120 ಸಲ ಮಿನುಗತಕ್ಕದ್ದು. ಹಳೆಯ ಬಗೆಯ ಫ್ಲಾಶರಿನಲ್ಲಿ ಪ್ರವಾಹವೇ ಲೋಹದ ಪಟ್ಟಿಯನ್ನು ಕಾಯಿಸಿ, ಬಾಗಿಸಿ, ಸಂಪರ್ಕವನ್ನು ಕಡಿಯುವುದು. ಪ್ರವಾಹ ಸಾಲದಿದ್ದರೆ ದೀಪವು ಮಿನುಗದೆ ಉರಿಯುತ್ತಲೇ ಇರುವುದು. ಬಲ್ಬು ಸುಟ್ಟುದನ್ನು ತಿಳಿಸುವಂತೆ ರಚಿತವಾದ ಫ್ಲಾಶರುಗಳಾದರೋ ಅವಸರವಾಗಿ ಮಿನುಗುವುವು. ಕೆಲವರು ಇದಕ್ಕೆ ರೋಧಕವೊಂದನ್ನು ಜೋಡಿಸುವರು. ಎಲ್‌ಇಡಿ ಉಳಿಸಿದ ವಿದ್ಯುತ್ತನ್ನು ಆ ರೋಧಕವು ಶಾಖವಾಗಿ ಕಳೆದುಬಿಡುವುದು. ಪ್ಲಾಸ್ಟಿಕ್ಕಿಗೆ ತಗುಲಿದ್ದರೆ ಅದನ್ನೂ ಕರಗಿಸುವುದು. ಎಲ್‌ಇಡಿಗೆ ತಕ್ಕ ಎಲೆಕ್ಟ್ರಾನಿಕ್ ಫ್ಲಾಶರನ್ನು ಹಾಕುವುದೇ ಲೇಸು.

ನಾವು ಆ ವಿದ್ಯಾರ್ಥಿಯೊಡನೆ ಪ್ರಯೋಗಶಾಲೆಯಲ್ಲಿ ಕುಳಿತು ಎರಡು ಡಯೋಡುಗಳನ್ನು ತೆಗೆದುಕೊಂಡೆವು. ಎಡದ ತಂತಿಯಿಂದ ಒಂದು, ಬಲದ ತಂತಿಯಿಂದ ಒಂದು ಡಯೋಡನ್ನು ಸೂಚಕದ ಒಂದೇ ತುದಿಗೆ ತಂದು, ಇನ್ನೊಂದು ತುದಿಯನ್ನು ನೆಲತಂತಿಗೆ ಸೇರಿಸಿದೆವು. ಡಯೋಡು ಪ್ರವಾಹವನ್ನು ಒಂದೇ ದಿಕ್ಕಿಗೆ ಬಿಡುವುದರಿಂದ ಅದು ಎದುರು ಬದಿಗೆ ನುಸುಳಲಾರದು. ಬಲಕ್ಕೆ ಒತ್ತಿದಾಗ ಬಲದ ದೀಪ ಮಾತ್ರ ಮಿನುಗಿತು. ಖರ್ಚು ಕೆಲವೇ ರೂಪಾಯಿ.

ಇದು ಮೆಕ್ಯಾನಿಕ್ಕಿನ ಕೆಲಸ, ಕಾಲೇಜಿನದಲ್ಲ ಎಂದು ಕೆಲವರು ಹೇಳಬಹುದು. ನಾವು ಒಪ್ಪುವುದಿಲ್ಲ. ಮೆಕ್ಯಾನಿಕ್ಕಿನ ಕೈಚಳಕ ನಮಗಿಲ್ಲ, ನಿಜ. ಆದರೆ ಓಮನ ನಿಯಮಕ್ಕೆ ಪೂರ್ಣಾಂಕ ಪಡೆದ ವಿದ್ಯಾರ್ಥಿಯು ತನ್ನ ವಾಹನದ ನಾಲ್ಕು ತಂತಿಗಳ ಮುಂದೆ ಬೆಪ್ಪಾಗಿ ನಿಂತರೆ, ಸೋತದ್ದು ಅವನಲ್ಲ, ನಮ್ಮ ಪಾಠ. ಭೌತವಿಜ್ಞಾನದ ಪ್ರಯೋಗಶಾಲೆಗೆ ಹಳೆಯದೊಂದು ಫ್ಲಾಶರು, ನಾಲ್ಕು ಬಲ್ಬು, ನಾಲ್ಕು ಎಲ್‌ಇಡಿ ಬರಲಿ. ಊರಿನ ಮೆಕ್ಯಾನಿಕ್ಕನ್ನೂ ಒಂದು ದಿನ ಕರೆಯೋಣ; ಕಲಿಯುವುದು ಇಬ್ಬರಿಗೂ ಇದೆ.

ಅಲ್ಲಿಯವರೆಗೆ ವಿದ್ಯಾರ್ಥಿಮಿತ್ರರಲ್ಲಿ ನಮ್ಮದೊಂದು ವಿನಂತಿ. ಹೊಸ ದೀಪ ಹಾಕಿಸಿದ ದಿನ ಗುಂಡಿಯನ್ನು ಒತ್ತಿ, ಕೆಳಗಿಳಿದು, ವಾಹನದ ಹಿಂದೆ ಹೋಗಿ ನಿಂತು ನೋಡಿರಿ. ಆ ದೀಪವನ್ನು ಓದಬೇಕಾದವನು ನಿಲ್ಲುವ ಸ್ಥಳ ಅದೇ.